ದೂರು ಬಗೆಹರಿದಿದೆ

"ಇಲ್ಲಿಂದೇ ಬಿದ್ದಾನ್ರಿ."

ವಿಜಯಶ್ರೀ ಬೆರಳು ತೋರಿಸಿದಳೇ ಹೊರತು ಟೆರೇಸಿನ ಅಂಚಿಗೆ ಹೋಗಲಿಲ್ಲ. ಯಾರೋ ಹಪ್ಪಳ ಒಣಹಾಕಿದ್ದ ಹಳೆಯ ಸೀರೆಯ ಪಕ್ಕದಲ್ಲಿ, ನಾಲ್ಕು ಹೆಜ್ಜೆ ಹಿಂದೆಯೇ ನಿಂತಳು.

ನಿರುಪಮಾ ಹಿರೇಮಠ ಹೋಗಿ ಬಗ್ಗಿ ನೋಡಿದಳು. ಅಂಚಿನ ಗೋಡೆ ಅವಳ ಸೊಂಟಕ್ಕೆ ಬರುತ್ತಿತ್ತು. ಕೆಳಗೆ ಐದು ಮಹಡಿ. ಸ್ಕೂಟರ್ ನಿಲ್ಲಿಸುವ ಜಾಗವನ್ನು ಎಷ್ಟು ತೊಳೆದಿದ್ದರೂ ಸಿಮೆಂಟು ಒಂದು ಕಡೆ ಕಪ್ಪಾಗಿಯೇ ಉಳಿದಿತ್ತು. ಅದರಾಚೆ ಪಂಚವಟಿಯ ಓಣಿ. ಮುಂದಕ್ಕೂ ಹಿಂದಕ್ಕೂ ಹೋಗಲಾರದ ರಿಕ್ಷಾಗಳು ಹಾರ್ನು ಬಾರಿಸುತ್ತಿದ್ದವು.

ಕಳೆದ ಶುಕ್ರವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ತ್ರಿಧಾರಾ ಫೈಬರ್ ಕಂಪನಿಯ ಲೈನ್‌ಮನ್ ಗುರುಬಸವ ಇಲ್ಲಿಂದ ಬಿದ್ದು ಸತ್ತಿದ್ದ. ಅವನನ್ನು ನೂಕಿದ ಆರೋಪದ ಮೇಲೆ ವಿಜಯಶ್ರೀಯ ಗಂಡ, ಬ್ಯಾಂಕ್ ಅಧಿಕಾರಿ ಮಧುಕರ, ಪೊಲೀಸ್ ಕಸ್ಟಡಿಯಲ್ಲಿದ್ದ.

"ನಿಮ್ಮ ಮನಿ ವೈರ್ ಎಲ್ಲದ?" ನಿರುಪಮಾ ಕೇಳಿದಳು.

"ಅಲ್ಲಿ, ನೀರಿನ ಟಾಕಿ ಗ್ವಾಡಿಗಿ ಡಬ್ಬಿ ಅದಲ್ರಿ, ಅದರಾಗ. ಇಡೀ ಬಿಲ್ಡಿಂಗಿನ ವೈರ್ ಅದರಾಗೇ ಬರ್ತಾವ."

ನಿರುಪಮಾ ಆ ಬೂದು ಬಣ್ಣದ ಪೆಟ್ಟಿಗೆಯಿಂದ ಅಂಚಿನ ಗೋಡೆಯವರೆಗೆ ನಡೆದು ಎಣಿಸಿದಳು. ಹನ್ನೊಂದು ಹೆಜ್ಜೆ. ದುರಸ್ತಿಗೆ ಬಂದವನಿಗೆ ಕೆಲಸವಿದ್ದದ್ದು ಇಲ್ಲಿ. ಅವನು ಬಿದ್ದದ್ದು ಅಲ್ಲಿಂದ. ನಡುವಿನ ಹನ್ನೊಂದು ಹೆಜ್ಜೆ ಅವನು ತಾನಾಗಿ ನಡೆದನೋ, ಹಿಂದೆ ಸರಿಯುತ್ತ ಹೋದನೋ?

ಕಲಬುರಗಿಯ ಆಳಂದ ಕಡೆಯ ನಿರುಪಮಾ ಇಪ್ಪತ್ತೆರಡು ವರ್ಷ ಅಂಚೆ ಇಲಾಖೆಯ ದೂರು ವಿಭಾಗದಲ್ಲಿ ದುಡಿದವಳು. ಕಳೆದುಹೋದ ಪಾರ್ಸೆಲ್ಲು, ಒಡೆದ ಲಕೋಟೆ, ಬೇರೆಯವರು ಸಹಿ ಹಾಕಿ ಪಡೆದ ರಿಜಿಸ್ಟರ್ ಕಾಗದ, ಇವನ್ನೆಲ್ಲ ಹುಡುಕಿಕೊಂಡು ಅರ್ಧ ಮಹಾರಾಷ್ಟ್ರ ತಿರುಗಿದ್ದಳು. ವರ್ಗವಾಗಿ ಬಂದ ನಾಶಿಕದಲ್ಲೇ ಸ್ವಯಂ ನಿವೃತ್ತಿ ತೆಗೆದುಕೊಂಡು ಈಗ ಖಾಸಗಿ ತನಿಖೆ ಮಾಡುತ್ತಿದ್ದಳು. ಜನ ಸುಳ್ಳು ಹೇಳುವುದಕ್ಕಿಂತ ಕಾಗದ ಸುಳ್ಳು ಹೇಳುವುದನ್ನು ಅವಳು ಹೆಚ್ಚು ನೋಡಿದ್ದಳು.

"ಕೆಳಗ ಹೋಗಮ್ರಿ," ಎಂದಳು. "ಆ ವಹಿ ತೋರಿಸ್ತೀನಿ ಅಂದಿದ್ರಲ್ಲ."

ವಹಿ ಎಂದರೆ ನೂರು ಪುಟದ ಗೆರೆ ಹಾಕಿದ ನೋಟುಬುಕ್ಕು. ಮೂರನೇ ಮಹಡಿಯ ಮನೆಯಲ್ಲಿ, ಊಟದ ಮೇಜಿನ ಮೇಲೆ ವಿಜಯಶ್ರೀ ಅದನ್ನು ತೆರೆದಿಟ್ಟಳು. ಮನೆಯ ಇಂಟರ್‌ನೆಟ್ ನಿಂತ ದಿನದಿಂದ ಗುರುಬಸವ ಸತ್ತ ದಿನದವರೆಗೆ ಇಪ್ಪತ್ತಾರು ದಿನ, ಮೂವತ್ತೊಂದು ದೂರು. ತಾರೀಖು, ಹೊತ್ತು, ದೂರಿನ ನಂಬರು, ಫೋನ್ ಎತ್ತಿದವರ ಹೆಸರು, ಅವರು ಹೇಳಿದ ಮಾತು. ಮೊದಲ ಪುಟಗಳ ಅಕ್ಷರ ದುಂಡಗಿದ್ದವು. ಕೊನೆಯ ಪುಟಗಳಲ್ಲಿ ಪೆನ್ನು ಕಾಗದವನ್ನು ಹರಿದಿತ್ತು.

ನಾಳೆ ಬರುತ್ತಾರೆ. ಇಪ್ಪತ್ನಾಲ್ಕು ತಾಸಿನೊಳಗೆ ಸರಿಯಾಗುತ್ತದೆ. ರೂಟರ್ ಬಂದ್ ಮಾಡಿ ಚಾಲೂ ಮಾಡಿ. ನಿಮ್ಮ ದೂರು ಬಗೆಹರಿದಿದೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಮನೆಯಲ್ಲಿರಿ. ನಿಮ್ಮ ದೂರು ಬಗೆಹರಿದಿದೆ. ಮೇಲಿನವರ ಜೊತೆ ಮಾತಾಡಲು ಅವಕಾಶವಿಲ್ಲ. ನಿಮ್ಮ ದೂರು ಬಗೆಹರಿದಿದೆ.

"ಮನ್ಯಾಗ ಕುಂತು ದವಾಖಾನಿ ರಿಪೋರ್ಟ್ ಟೈಪ್ ಮಾಡ್ತಿದ್ದೆ ಅಕ್ಕೋರೆ," ವಿಜಯಶ್ರೀ ಹೇಳಿದಳು. "ಹದಿನೈದು ದಿನ ಮೊಬೈಲ್ ನೆಟ್ ಮ್ಯಾಲ ತಳ್ಳಿದೆ. ಹದಿನಾರನೇ ದಿನ ಅವರು, ನಿಮ್ದು ಸರಿ ಆದ ಮ್ಯಾಲ ಹೇಳ್ರಿ ಅಂದು ಕೆಲಸ ಬಿಡಿಸಿದ್ರು. ಆವತ್ತು ನಮ್ಮ ಮನಿಯವರು ಫೋನ್ ಕಸ್ಕೊಂಡು ಮಾತಾಡಿದ್ರು. ಹದಿನಾಲ್ಕು ವರ್ಷ ಸಂಸಾರ ಮಾಡೀನಿ, ಅವರ ದನಿ ಅಷ್ಟು ಏರಿದ್ದು ನಾ ಕೇಳಿರ್ಲಿಲ್ಲ."

ಆ ದನಿ ಈಗ ಪೊಲೀಸರ ಬಳಿ ಇತ್ತು. ಕರೆಯನ್ನು ಗುಣಮಟ್ಟಕ್ಕಾಗಿ ರೆಕಾರ್ಡ್ ಮಾಡಲಾಗುತ್ತದೆ ಎಂದು ಕಂಪನಿ ಮೊದಲೇ ಹೇಳಿತ್ತು, ಮಾಡಿಯೂ ಇತ್ತು. ಇನ್ನೊಮ್ಮೆ ನಿಮ್ಮ ಮನುಷ್ಯ ಬಂದು ಸುಳ್ಳು ಹೇಳಿದರೆ ಟೆರೇಸಿನಿಂದ ಕೆಳಗೆ ನೂಕುತ್ತೇನೆ ಎಂದು ಮಧುಕರ ಹಿಂದಿಯಲ್ಲಿ ಕೂಗಿದ್ದ. ಹತ್ತು ದಿನದ ನಂತರ ಅವರ ಮನುಷ್ಯ ಟೆರೇಸಿನಿಂದ ಬಿದ್ದಿದ್ದ. ಆ ದಿನ ಲೈನ್‌ಮನ್ ಬರುತ್ತಾನೆಂದು ಮಧುಕರ ರಜೆ ಹಾಕಿ ಮನೆಯಲ್ಲಿದ್ದ. ಮೇಲೆ ಹೋಗಿ ಜಗಳಾಡಿದ್ದೂ ನಿಜ. ನಾಲ್ಕು ಹತ್ತಕ್ಕೇ ಇಳಿದು ಬಂದೆ ಎಂಬ ಅವನ ಮಾತಿಗೆ ಸಾಕ್ಷಿಯಿರಲಿಲ್ಲ. ವಿಜಯಶ್ರೀ ಹೊಸ ಕೆಲಸದ ಅರ್ಜಿ ಕಳಿಸಲು ಸೈಬರ್ ಅಂಗಡಿಗೆ ಹೋಗಿದ್ದಳು.

ನಿರುಪಮಾ ಕೊನೆಯ ಪುಟಕ್ಕೆ ಬಂದಳು. ಶುಕ್ರವಾರದ ಹೆಸರಿನಡಿ ಒಂದು ದೂರಿನ ನಂಬರು ಮಾತ್ರ ಇತ್ತು.

"ಇದೂ ಬಗೆಹರ್ದದೇನು?"

"ನೋಡಿಲ್ರಿ. ಯಾರಿಗಿ ಬೇಕಾಗಿತ್ತು ಆವತ್ತು?"

ನಿರುಪಮಾ ತನ್ನ ಮೊಬೈಲಿನಲ್ಲಿ ಕಂಪನಿಯ ಪುಟ ತೆಗೆದು ಆ ನಂಬರು ಹಾಕಿದಳು. ಚಕ್ರ ತಿರುಗಿ ತಿರುಗಿ ನಾಲ್ಕು ಸಾಲು ಬಂತು. ದೂರು ಬಗೆಹರಿದಿದೆ. ಬಗೆಹರಿಸಿದವರು: ಗುರುಬಸವ. ಗ್ರಾಹಕರ ಓಟಿಪಿ: ಖಚಿತವಾಗಿದೆ. ವೇಳೆ: ಶುಕ್ರವಾರ, ನಾಲ್ಕು ಐವತ್ತೆರಡು.

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಮೊಬೈಲನ್ನು ವಿಜಯಶ್ರೀಯ ಕಡೆ ತಿರುಗಿಸಿದಳು.

"ನಾಲ್ಕು ಇಪ್ಪತ್ತಕ್ಕ ಬಿದ್ದು ಸತ್ತ ಮನುಷ್ಯ ನಾಲ್ಕು ಐವತ್ತೆರಡಕ್ಕ ದೂರು ಮುಚ್ಯಾನ. ಅದೂ ನಿಮ್ಮ ಕಡಿಂದ ಓಟಿಪಿ ಇಸ್ಕೊಂಡು."

"ಓಟಿಪಿ?" ವಿಜಯಶ್ರೀ ಮೊಬೈಲನ್ನು ಕೈಗೆತ್ತಿಕೊಂಡಳು. "ನಮಗ ಒಂದರೆ ಓಟಿಪಿ ಬಂದಿಲ್ರಿ. ಆವತ್ತೂ ಇಲ್ಲ, ಅದಕ್ಕಿಂತ ಮೊದಲೂ ಇಲ್ಲ. ಮೂವತ್ತು ದೂರು ಮುಚ್ಯಾರ, ಒಮ್ಮೆನೂ ಬಂದಿಲ್ಲ."

"ದೂರು ಯಾರು ಮುಚ್ತಾರ ಅಂತ ಪೊಲೀಸರಿಗಿ ಕೇಳಿಲ್ಲೇನು?"

"ವಕೀಲರು ಕೇಳಿದ್ರಂತ. ದೂರು ತಾನೇ ಮುಚ್ಕೊಂತದ, ಮಿಷಿನ್ ಮಾಡ್ತದ ಅಂತ ಕಂಪನಿ ಸಾಹೇಬ್ರು ಬರ್ದು ಕೊಟ್ಟಾರಂತ."

ನಿರುಪಮಾ ಮತ್ತೆ ವಹಿಯ ಪುಟಗಳನ್ನು ಹಿಂದಕ್ಕೆ ತಿರುವಿದಳು. ಮಧ್ಯದ ಒಂದು ಸಾಲಿನ ಮೇಲೆ ಅವಳ ಬೆರಳು ನಿಂತಿತು. ಹನ್ನೆರಡನೇ ತಾರೀಖು. ಫೋನ್ ಎತ್ತಿದವಳು ರುಚಿತಾ. ಹೇಳಿದ ಮಾತು: ನಿಮ್ಮ ಲೈನ್ ಚಾಲೂ ಇದೆ, ನಿನ್ನೆ ಒಂದೇ ದಿನ ಮೂವತ್ತೆಂಟು ಜಿಬಿ ಬಳಸಿದ್ದೀರಿ.

"ಇದೇನಿದು?"

"ಅದೇ ಅಲ್ರಿ ಸಿಟ್ಟು ಬರೋದು. ರೂಟರಿನ್ಯಾಗ ಒಂದು ದೀಪ ಹತ್ತವಲ್ದು, ಆಕಿ ನೋಡಿದ್ರ ಮೂವತ್ತೆಂಟು ಜಿಬಿ ವಾಪರ್ಸೀರಿ ಅಂತಾಳ. ಬಾಯಿಗಿ ಬಂದ ಸುಳ್ಳು."

"ಸುಳ್ಳು ಅಲ್ದಿದ್ರ?" ನಿರುಪಮಾ ಕೇಳಿದಳು.

ವಿಜಯಶ್ರೀ ಆ ಸಾಲನ್ನು ಬಗ್ಗಿ ನೋಡಿದಳು.

"ಎಲ್ಲಾರೂ ಸುಳ್ಳು ಹೇಳ್ಯಾರ. ಆದ್ರ ಈ ಹುಡುಗಿ ಒಬ್ಬಾಕಿ ಖರೆ ಹೇಳಿರಬಹುದು. ನಿಮ್ಮ ಹೆಸರಿನ್ಯಾಗ ಯಾರೋ ದಿನಾ ನೆಟ್ ವಾಪರ್ಸಲಕತ್ತಾರ. ಅದಕ್ಕೇ ನಿಮ್ಮನಿ ನೆಟ್ ಸರಿ ಆಗೋ ಹಂಗಿಲ್ಲ."

ಒಳಗಿನ ಕೋಣೆಯಿಂದ ಹದಿಮೂರರ ಮಾನ್ಯಾ ಬಂದು ಅಮ್ಮನ ಕುರ್ಚಿಗೆ ಒರಗಿ ನಿಂತಳು. ಶಾಲೆಯ ಸಮವಸ್ತ್ರ ಇನ್ನೂ ಬದಲಿಸಿರಲಿಲ್ಲ.

"ಮಾವಶಿ, ಪಪ್ಪಾ ಉದ್ಯಾ ಬರ್ತಾರಾ?"

ಮಾವಶಿ ಎಂದರೆ ಚಿಕ್ಕಮ್ಮ, ಉದ್ಯಾ ಎಂದರೆ ನಾಳೆ. ಹುಡುಗಿಯ ಕನ್ನಡ ಅರ್ಧ ದಾರಿಯಲ್ಲಿ ಮರಾಠಿಯಾಗುತ್ತಿತ್ತು. ಮರುದಿನ ಮಧ್ಯಾಹ್ನ ಮಧುಕರನನ್ನು ಮತ್ತೆ ಕೋರ್ಟಿಗೆ ತರುವವರಿದ್ದರು. ಬಿಡುವುದು ದೂರದ ಮಾತು ಎಂದು ವಕೀಲರು ಮೊದಲೇ ಹೇಳಿದ್ದರು.

"ನಾಳೆ ಬರದಿದ್ರೂ ಬರ್ತಾರವ್ವ," ನಿರುಪಮಾ ಎದ್ದಳು. ತನ್ನ ಫೋನ್ ನಂಬರನ್ನು ಹುಡುಗಿಯ ಮೊಬೈಲಿಗೂ ಹಾಕಿಕೊಟ್ಟಳು. "ನಾ ಬೆಳಿಗ್ಗೆ ಸಂಭಾಜಿನಗರಕ್ಕ ಹೊಂಟೀನಿ. ಇವರ ದೊಡ್ಡ ಆಫೀಸ್ ಅಲ್ಲದ."

*

ಆರು ಗಂಟೆಯ ಬಸ್ಸು ಅವಳನ್ನು ಹನ್ನೊಂದಕ್ಕೆ ಛತ್ರಪತಿ ಸಂಭಾಜಿನಗರದಲ್ಲಿ ಇಳಿಸಿತು. ಜಾಲನಾ ರಸ್ತೆಯ ಗಾಜಿನ ಕಟ್ಟಡದ ನೆಲಮಹಡಿಯಲ್ಲಿ ತ್ರಿಧಾರಾ ಫೈಬರ್ ಗ್ರಾಹಕ ಸೇವಾ ಕೇಂದ್ರ. ಬಾಗಿಲಲ್ಲಿ ಅವಳ ಕೈಗೆ ಒಂದು ಚೀಟಿ ಬಂತು: ಅರವತ್ತೇಳು. ಗೋಡೆಯ ಮೇಲಿನ ಕೆಂಪು ಅಂಕಿ ಇಪ್ಪತ್ಮೂರರಲ್ಲಿತ್ತು.

ಕುರ್ಚಿಗಳು ತುಂಬಿದ್ದವು. ರೂಟರನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡವರು, ಸೆಟ್‌ಟಾಪ್ ಬಾಕ್ಸನ್ನು ಬಟ್ಟೆಯ ಚೀಲದಲ್ಲಿ ತಂದವರು. ಕೌಂಟರಿನ ಮುಂದೆ ಟೋಪಿ ಹಾಕಿದ ಮುದುಕನೊಬ್ಬ ಮರಾಠಿಯಲ್ಲಿ ಒಂದೇ ಮಾತು ಹೇಳುತ್ತಿದ್ದ: ನನ್ನ ಕನೆಕ್ಷನ್ ತೆಗೆದುಬಿಡಿ, ನನಗೆ ನಿಮ್ಮ ಇಂಟರ್‌ನೆಟ್ಟೇ ಬೇಡ. ತೆಗೆಯಲು ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು ಎಂದು ಕೌಂಟರಿನ ಹುಡುಗಿ ಹೇಳುತ್ತಿದ್ದಳು. ಆನ್‌ಲೈನ್ ಇಲ್ಲದ್ದಕ್ಕೇ ತೆಗೆಯಿರಿ ಅನ್ನುತ್ತಿದ್ದೇನೆ ಎಂದು ಮುದುಕ ಹೇಳುತ್ತಿದ್ದ. ಯಾರೂ ನಗಲಿಲ್ಲ. ಎಲ್ಲರಿಗೂ ತಮ್ಮದೇ ಸರದಿಯ ಚಿಂತೆ.

ಹುಡುಗಿಯ ಎದೆಯ ಮೇಲಿನ ಬಿಲ್ಲೆಯಲ್ಲಿ ರುಚಿತಾ ಎಂದಿತ್ತು.

ನಿರುಪಮಾ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿದಳು. ಒಂದು ಗಂಟೆಗೆ ರುಚಿತಾ ಡಬ್ಬಿ ಹಿಡಿದು ಹಿಂದಿನ ಮೆಟ್ಟಿಲಿಗೆ ಊಟಕ್ಕೆ ಹೋದಾಗ ಅವಳ ಪಕ್ಕದಲ್ಲಿ ಹೋಗಿ ಕುಳಿತಳು. ಮರಾಠಿಯಲ್ಲೇ ಮಾತಾಡಿದಳು.

"ಹನ್ನೆರಡನೇ ತಾರೀಖು ನಾಶಿಕದ ಒಬ್ಬ ಹೆಂಗಸಿಗೆ ನೀನು ಮೂವತ್ತೆಂಟು ಜಿಬಿ ಅಂದೆ."

ರುಚಿತಾಳ ಕೈಯ ಚಪಾತಿ ಹಾಗೇ ನಿಂತಿತು. "ನೀವು ಯಾರು?"

"ಅವಳ ಗಂಡ ಈಗ ಪೊಲೀಸರ ಕೈಯಲ್ಲಿದ್ದಾನೆ. ಕೊಲೆಯ ಆರೋಪ."

ಹುಡುಗಿ ಡಬ್ಬಿ ಮುಚ್ಚಿದಳು. "ನಾನು ಸ್ಕ್ರೀನ್ ಮೇಲೆ ಇದ್ದದ್ದನ್ನು ಓದಿ ಹೇಳಿದೆ ಅಷ್ಟೇ. ಆಗ ನಾನು ಮೇಲಿನ ಮಹಡಿಯಲ್ಲಿ ಫೋನ್ ಎತ್ತುತ್ತಿದ್ದೆ. ಅವರು ಅಳುತ್ತಿದ್ದರು. ಇಷ್ಟು ಬಳಕೆ ಇರುವಾಗ ಯಾಕೆ ಅಳುತ್ತಾರೆ ಅನ್ನಿಸಿತು. ಮೇಲಿನವರಿಗೆ ಬರೆದು ಕಳಿಸಿದೆ. ಮರುದಿನವೇ ಕೌಂಟರಿಗೆ ಹಾಕಿದರು. ಇನ್ನು ಮೇಲೆ ಗ್ರಾಹಕರಿಗೆ ಬಳಕೆ ಎಷ್ಟು ಅಂತ ಹೇಳಬಾರದು ಅಂದರು."

"ಯಾರು ಅಂದರು?"

ರುಚಿತಾ ಕಣ್ಣು ಎತ್ತಿ ಎರಡನೇ ಮಹಡಿಯ ಕಿಟಕಿಯ ಕಡೆ ನೋಡಿದಳು. ಅಲ್ಲಿ ತಿಳಿನೀಲಿ ಪರದೆ ಇಳಿಬಿಟ್ಟಿತ್ತು.

*

ಬಾಗಿಲ ಮೇಲೆ ಸುಧಾಕರ ಬಿರಾದಾರ, ಪ್ರಾದೇಶಿಕ ಸೇವಾ ಮುಖ್ಯಸ್ಥ ಎಂದು ಮರಾಠಿಯಲ್ಲಿ ಬರೆದಿತ್ತು. ಪೊಲೀಸರಿಗೆ ಹೋದ ಪತ್ರದ ಕೆಳಗಿದ್ದದ್ದೂ ಇದೇ ಹೆಸರು. ನಾಶಿಕದಿಂದ ನಾಂದೇಡದವರೆಗಿನ ದೂರುಗಳೆಲ್ಲ ಇವನ ಮೇಜಿಗೆ ಬರುತ್ತಿದ್ದವು. ನಲವತ್ತೈದರ ಆಸುಪಾಸು, ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನಿರುಪಮಾ ಕೊಟ್ಟ ಕಾರ್ಡಿನ ಮೇಲಿನ ಹಿರೇಮಠ ಎಂಬ ಹೆಸರು ನೋಡಿದ್ದೇ ಅವನ ಮುಖ ಅರಳಿತು.

"ನಮ್ಮವರೇ ಇದ್ದೀರಿ. ಬರ್ರಿ ಮೇಡಂ, ಕೂಡ್ರಿ. ನಮ್ದು ಭಾಲ್ಕಿ ತಾಲ್ಲೂಕ್ರಿ. ಇಲ್ಲೇ ಬೆಳ್ದೀನಿ ಅನ್ರಿ, ಖರೆ ಮನ್ಯಾಗ ಕನ್ನಡನೇ. ಚಹಾ ಹೇಳ್ಲಾ?"

"ಚಹಾ ಬ್ಯಾಡ. ಒಂದು ಮಾತು ಕೇಳಿ ಹೋಗ್ತೀನಿ. ದೂರು ತಾನೇ ಮುಚ್ಕೊಂತದ ಅಂತ ಪೊಲೀಸರಿಗಿ ಬರ್ದು ಕೊಟ್ಟವರು ನೀವೇ?"

"ಹೌದ್ರಿ. ಆಟೋಮ್ಯಾಟಿಕ್. ಇಷ್ಟು ತಾಸಿನ್ಯಾಗ ಗ್ರಾಹಕರು ಏನೂ ಅನ್ಲಿಲ್ಲಂದ್ರ ಸಿಸ್ಟಮ್ ಮುಚ್ತದ."

ನಿರುಪಮಾ ಮೊಬೈಲನ್ನು ಮೇಜಿನ ಮೇಲೆ ಸರಿಸಿದಳು. ನಾಲ್ಕು ಸಾಲು.

"ಸಿಸ್ಟಮ್ ಮುಚ್ಚಿದ್ರ ಇಲ್ಲಿ ಗುರುಬಸವನ ಹೆಸರು ಯಾಕ ಬಂತು? ಓಟಿಪಿ ಯಾಕ ಬಂತು?"

ಸುಧಾಕರ ಓದಿದ. ನಗು ಮುಖದ ಮೇಲೆ ಇನ್ನೂ ಇತ್ತು, ಆದರೆ ಮರೆತು ಬಿಟ್ಟುಹೋದ ವಸ್ತುವಿನಂತೆ.

"ಇದು... ಟೆಕ್ನಿಕಲ್ ಅದರಿ. ನಿಮಗ ತಿಳಿಯಂಗಿಲ್ಲ."

"ನಿಧಾನಕ್ಕ ಹೇಳ್ರಿ, ತಿಳ್ಕೊಂತೀನಿ. ಇಲ್ಲಂದ್ರ ಇವತ್ತು ಮಧ್ಯಾಹ್ನ ನಾಶಿಕ್ ಕೋರ್ಟಿನ್ಯಾಗ ನಮ್ಮ ವಕೀಲರು ಇದನ್ನೇ ಕೇಳ್ತಾರ. ಸತ್ತ ಮನುಷ್ಯನ ಹೆಸರಿಲೆ ಯಾರು ಕೆಲಸ ಮಾಡ್ಯಾರ ಅಂತ. ಆಗ ನಿಮ್ಮ ಸಹಿ ಇರೋ ಪತ್ರ ಜಡ್ಜ್ ಸಾಹೇಬ್ರ ಕೈಯಾಗ ಇರ್ತದ."

ಸುಧಾಕರ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಕೆಳಗೆ ಯಾವನೋ ಗ್ರಾಹಕ ಮೇಲಿನವರನ್ನು ಕರೆಯಿರಿ ಎಂದು ಕೂಗುವುದು ನೆಲದೊಳಗಿನಿಂದ ಬಂದಂತೆ ಕೇಳಿಸುತ್ತಿತ್ತು.

"ನಿಮಗೇನ್ ಬೇಕು?"

"ಮಧುಕರರ ಖಾತೆ ತೆಗೀರಿ. ಅದು ಈಗ ಎಲ್ಲಿ ಚಾಲೂ ಅದ ಅಂತ ತೋರಿಸ್ರಿ."

ಅವನು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡ. ಬೆರಳು ಆಡಿದವು. ಪರದೆಯನ್ನು ಅವನು ತಿರುಗಿಸಲಿಲ್ಲ. ನಿರುಪಮಾಳೇ ಎದ್ದು ಮೇಜು ಸುತ್ತಿ ಅವನ ಹಿಂದೆ ನಿಂತಳು.

ಮಧುಕರನ ಹೆಸರು, ಪಂಚವಟಿಯ ವಿಳಾಸ. ಅದರ ಮುಂದೆ ಹಸಿರು ಚುಕ್ಕೆ: ಚಾಲೂ ಇದೆ. ಜಾಗ ಮಾತ್ರ ನಾಶಿಕವಲ್ಲ. ಬಿಡಕಿನ್.

"ಬಿಡಕಿನ್," ಎಂದಳು ನಿರುಪಮಾ. ಸಂಭಾಜಿನಗರದಾಚೆ ಇನ್ನೂ ಎದ್ದು ನಿಲ್ಲುತ್ತಿರುವ ಕಾರ್ಖಾನೆಗಳ ಬಯಲು ಅವಳ ಕಣ್ಣಿಗೆ ಬಂತು. "ನಾಶಿಕದ ಮನಿ ಕನೆಕ್ಷನ್ ಅಷ್ಟು ದೂರ ಹ್ಯಾಂಗ ಹೋಯ್ತು?"

"ಐಡಿ, ಪಾಸ್‌ವರ್ಡ್ ಇದ್ರ ನಮ್ಮ ಲೈನ್ ಇರೋ ಎಲ್ಲಿ ಬೇಕಾದ್ರೂ ಹಚ್ಬಹುದ್ರಿ."

"ಆ ಬಿಡಕಿನ್ ಡಬ್ಬಿ ಮ್ಯಾಲ ಇನ್ನ ಎಷ್ಟು ನಾಶಿಕದ ಹೆಸರವ?"

ನಿರುಪಮಾ ತಾನೇ ಬಗ್ಗಿ ಆ ಜಾಗದ ಹೆಸರಿನ ಮೇಲೆ ಒತ್ತಿದಳು. ಪಟ್ಟಿ ಇಳಿಯತೊಡಗಿತು. ಶಿಕ್ಷಕಿ, ಔಷಧಿ ಅಂಗಡಿ, ತ್ರ್ಯಂಬಕೇಶ್ವರದ ಒಂದು ಲಾಡ್ಜು, ನಿವೃತ್ತ ಸುಬೇದಾರ. ನಲವತ್ತೊಂದು ಹೆಸರು. ಪ್ರತಿಯೊಂದರ ಮುಂದೆ ಹಸಿರು ಚುಕ್ಕೆ. ಪ್ರತಿಯೊಂದರ ಕೆಳಗೆ ದೂರುಗಳ ಸಾಲು, ಎಲ್ಲವೂ ಬಗೆಹರಿದದ್ದು.

ನಲವತ್ತೊಂದು ಮನೆಗಳಲ್ಲಿ ಜನ ಫೋನ್ ಹಿಡಿದು ಕಾಯುತ್ತಿದ್ದರು, ಬೈಯುತ್ತಿದ್ದರು, ರಜೆ ಹಾಕಿ ಬಾಗಿಲು ನೋಡುತ್ತಿದ್ದರು. ಅವರ ಹೆಸರಿನ ಹಿಂದೆ ಬಿಡಕಿನ್‌ನಲ್ಲಿ ಯಾರೋ ಕೂತು ಏನೋ ಮಾಡುತ್ತಿದ್ದರು. ತನ್ನ ಹೆಸರು ಎಲ್ಲೂ ಬರಬಾರದು ಎನ್ನುವವನಿಗಷ್ಟೇ ಬೇರೆಯವರ ಹೆಸರು ಬೇಕಾಗುತ್ತದೆ. ನಾಳೆ ಅಲ್ಲಿಂದ ಏನೇ ನಡೆದರೂ ಪೊಲೀಸರು ಬಂದು ತಟ್ಟುವುದು ಆ ಶಿಕ್ಷಕಿಯ ಬಾಗಿಲು, ಆ ಸುಬೇದಾರನ ಬಾಗಿಲು.

ಗುರುಬಸವ ಇದನ್ನು ಕಂಡುಹಿಡಿದಿದ್ದನೇ? ಅಥವಾ ಇದರಲ್ಲಿ ಇದ್ದವನೇ?

"ಓಟಿಪಿ ಯಾವ ನಂಬರಿಗಿ ಹೋಗ್ತದ?" ಅವಳು ಕೇಳಿದಳು.

"ಗ್ರಾಹಕರ ನಂಬರಿಗಿ."

"ಅವರಿಗಿ ಬಂದಿಲ್ಲ."

"ಅವರೇ ನಂಬರ್ ಬದಲಿ ಮಾಡ್ಸ್ಯಾರಲ್ರಿ," ಸುಧಾಕರನ ದನಿಗೆ ಈಗ ಸ್ವಲ್ಪ ಬಲ ಬಂತು. ಅವನು ಬೇಗ ಬೇಗ ಏನೋ ಒತ್ತಿದ. "ನೋಡ್ರಿ. ಒಂದು ತಿಂಗಳ ಹಿಂದ ಅರ್ಜಿ ಕೊಟ್ಟಾರ. ಆಧಾರ್ ಕಾಪಿ ಅದ, ಸಹಿ ಅದ. ನಾವು ಕಾಗದ ಇಲ್ದೆ ಏನೂ ಮಾಡಂಗಿಲ್ಲ."

ಪರದೆಯ ಮೇಲೆ ಅರ್ಜಿಯ ಚಿತ್ರ ತೆರೆಯಿತು. ಅರ್ಜಿ ಇಂಗ್ಲಿಷಿನಲ್ಲಿತ್ತು. ಕೆಳಗಿನ ಸಹಿ ಮಾತ್ರ ಕನ್ನಡದಲ್ಲಿತ್ತು.

ನಿರುಪಮಾ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡಳು. ಮಧುಕರ ವಕೀಲರಿಗೆ ಕೊಟ್ಟ ಕಾಗದಗಳಲ್ಲೆಲ್ಲ ಅವನ ಸಹಿ ಇಂಗ್ಲಿಷಿನಲ್ಲಿತ್ತು, ಬ್ಯಾಂಕಿನವರದು ಇರುವಂತೆ ಉದ್ದನೆಯ ಬಾಲದ್ದು. ಇಲ್ಲಿ ಬಿಡಿಬಿಡಿಯಾಗಿ ನಾಲ್ಕು ಅಕ್ಷರ. ಮ, ದು, ಕ, ರ. ಧಕಾರದ ಹೊಟ್ಟೆಯ ಕೆಳಗಿರಬೇಕಾದ ಸಣ್ಣ ಸೀಳುಗೆರೆ ಇರಲಿಲ್ಲ. ಹುಟ್ಟಿದಾಗಿನಿಂದ ಮಧುಕರನಾಗಿದ್ದವನು ತನ್ನ ಹೆಸರನ್ನು ಮದುಕರ ಎಂದು ಬರೆಯುವುದಿಲ್ಲ.

ಆ ತಪ್ಪನ್ನು ಅವಳು ತೋರಿಸಿಕೊಡಲಿಲ್ಲ.

"ಕನ್ನಡದಾಗ ಸಹಿ ಅದಲ್ಲ," ಎಂದಳು ಸುಮ್ಮನೆ. "ಇಲ್ಲಿ ಯಾರಿಗಿ ಓದ್ಲಕ್ಕ ಬರ್ತದ?"

"ಯಾರಿಗೂ ಬರಲ್ರಿ. ನನಗೂ ಬರಲ್ಲ. ಮಾತಾಡ್ತೀನಿ ಅಷ್ಟೇ. ನಾ ಕಲ್ತಿದ್ದು ಮರಾಠಿ ಸಾಲಿ. ಕನ್ನಡ ಅಕ್ಷರ ಅಂದ್ರ ನನಗ ಜಿಲೇಬಿ ಇದ್ದಂಗ."

"ಮತ್ತ ಸಹಿ ಪರೀಕ್ಷಾ ಮಾಡ್ದೇ ನಂಬರ್ ಬದಲ್ಸಿದ್ರಿ."

"ದಿನಕ್ಕ ನೂರು ಅರ್ಜಿ ಬರ್ತಾವ್ರಿ. ಹೆಸರಿನ್ಯಾಗ ಒಂದು ಅಕ್ಷರ ತಪ್ಪಿದ್ರ ನಮ್ಮವರಿಗಿ ಹ್ಯಾಂಗ ಗೊತ್ತಾಗಬೇಕು?"

ನಿರುಪಮಾ ಅವನ ಹಿಂದಿನಿಂದ ಮುಂದೆ ಬಂದು, ತನ್ನ ಕುರ್ಚಿಯಲ್ಲಿ ಮತ್ತೆ ಕುಳಿತಳು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಅಕ್ಷರ ತಪ್ಪದ ಅಂತ ನಾ ಹೇಳೇ ಇಲ್ಲ, ಬಿರಾದಾರ ಅವರೆ."

ಸುಧಾಕರನ ಹಣೆಯ ವಿಭೂತಿಯ ಕೆಳಗೆ ಬೆವರು ಒಂದು ಗೆರೆಯಾಗಿ ಇಳಿಯಿತು. ಅವನು ಅದನ್ನು ಒರೆಸಲಿಲ್ಲ.

"ಯಾರು ಬರ್ದಿದ್ದು ಈ ಸಹಿ?"

"ನೀವು ಅನ್ಕೊಂಡಂಗ ಅಲ್ರಿ."

"ನಾ ಏನೂ ಅನ್ಕೊಂಡಿಲ್ಲ. ಕೇಳ್ಲಕತ್ತೀನಿ."

"ನಂಗೂ ಹೆಂಡ್ರು ಮಕ್ಳು ಅದಾರ," ಎಂದ ಸುಧಾಕರ. ದನಿ ತೀರ ತಗ್ಗಿತ್ತು. "ಗುರುಬಸವ ಒಳ್ಳೆ ಮನುಷ್ಯ ಇದ್ದನ್ರಿ. ನಾ ಅವನಿಗಿ ಹೇಳಿದ್ದೆ, ಬಾಯಿ ಮುಚ್ಕೊಂಡು ರಜಾ ಹಾಕಿ ಊರಿಗಿ ಹೋಗು ಅಂತ. ಕೇಳ್ಲಿಲ್ಲ. ಅಷ್ಟೇ ನನಗ ಗೊತ್ತಿರೋದು."

"ಯಾರಿಗಿ ಅಂಜ್ಲಕತ್ತೀರಿ?"

ಅವನು ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದ. ಎರಡು ಹತ್ತು. ನಿರುಪಮಾಳ ಕಣ್ಣಿಗೆ ಅದು ಬಿತ್ತು. ಅದು ಮಾತು ತಪ್ಪಿಸುವವನ ನೋಟವಲ್ಲ. ಇಷ್ಟು ಹೊತ್ತಿಗೆ ಆಗಿರಬೇಕು ಎಂದು ಲೆಕ್ಕ ಹಾಕುವವನ ನೋಟ.

"ಎರಡು ಗಂಟೆಗಿ ಏನದ?" ಅವಳು ಕೇಳಿದಳು.

ಅಷ್ಟರಲ್ಲಿ ಅವಳ ಮೊಬೈಲು ಮೇಜಿನ ಮೇಲೆ ನಡುಗಿತು. ಮಾನ್ಯಾ.

"ಮಾವಶಿ." ಹುಡುಗಿ ಉಸಿರಿನಲ್ಲೇ ಮಾತಾಡುತ್ತಿದ್ದಳು. "ಮಮ್ಮಿ ಇನ್ನೂ ಕೋರ್ಟಿಂದ ಬಂದಿಲ್ಲ. ಫೋನ್ ಉಚಲತ್ ನಾಹಿ, ಎತ್ತಂಗೇ ಇಲ್ಲ. ಒಬ್ರು ಬಂದಾರ."

"ಯಾರವ್ವ?"

"ವೈಫೈ ಅಂಕಲ್ ಅಂತ. ಆದ್ರ ಕಂಪನಿ ಡ್ರೆಸ್ ಹಾಕಿಲ್ಲ. ರೂಟರ್ ಬ್ಯಾಡ ಅಂತಾರ. ಗುರುಬಸವ ಅಂಕಲ್ ನಿನ್ನ ಕಡೆ ಏನು ಕೊಟ್ಟಿದ್ರು, ಅದ್ ಕೊಡು ಅಂತಾರ."

ನಿರುಪಮಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ಗುರುಬಸವ ನಿನಗ ಏನರೆ ಕೊಟ್ಟಿದ್ನಾ?"

ಆ ಕಡೆ ಅಳು ನುಂಗಿದ ದನಿ. "ಶುಕ್ರವಾರ ನಾ ಶಾಳೆಯಿಂದ ಬಂದಾಗ ಮೆಟ್ಟಿಲ ಮ್ಯಾಲ ಸಿಕ್ಕಿದ್ರು. ಸಣ್ಣದು, ಕರೀ ಟೇಪ್ ಸುತ್ತಿದ್ದು. ಮಮ್ಮಿ ಕೈಯಾಗೇ ಕೊಡು ಅಂದ್ರು, ಇನ್ನ್ಯಾರಿಗೂ ಬ್ಯಾಡ ಅಂದ್ರು. ನಾ ಶಾಳೆ ಚೀಲದಾಗ ಹಾಕಿ ಟ್ಯೂಷನ್ ಕ್ಲಾಸಿಗಿ ಹೋದೆ. ವಾಪಸ್ ಬಂದ್ರ ಪೊಲೀಸ್. ನಂಗ ಭೀತಿ ಆಯ್ತು ಮಾವಶಿ. ನಾ ಯಾರಿಗೂ ಹೇಳಿಲ್ಲ."

"ಆಯ್ತವ್ವ. ನೀ ಏನೂ ತಪ್ಪು ಮಾಡಿಲ್ಲ. ಹೊರಗಿನ ಜಾಳಿ ಬಾಗಿಲಕ್ಕ ಕೀಲಿ ಅದನಾ?"

"ಹಾಂ. ಅವ್ರು ಹೊರಗ ನಿಂತಾರ. ನಗ್ತಾರ." ಹುಡುಗಿಯ ದನಿ ಇನ್ನೂ ಸಣ್ಣದಾಯಿತು. "ಆದ್ರ ಮಾವಶಿ, ಅವ್ರ ಕೈಯಾಗ ನಮ್ಮ ಚಾವಿ ಅದ. ಪಪ್ಪಾಂದು. ಗಣಪತಿ ಬಿಲ್ಲೆ ಇರೋದು."

ಬಂಧಿಸಿದ ದಿನ ಮಧುಕರನ ಜೇಬಿನಲ್ಲಿದ್ದದ್ದನ್ನೆಲ್ಲ ಪೊಲೀಸರು ಪಟ್ಟಿ ಮಾಡಿ ತೆಗೆದುಕೊಂಡಿದ್ದರು. ಆ ಪಟ್ಟಿಯ ನಕಲು ನಿರುಪಮಾಳ ಚೀಲದಲ್ಲೇ ಇತ್ತು. ಮೂರನೇ ಸಾಲು: ಮನೆಯ ಕೀಲಿಗೊಂಚಲು, ಒಂದು. ಅದು ಠಾಣೆಯ ಕಪಾಟಿನಲ್ಲಿ, ಮೊಹರು ಹಾಕಿದ ಲಕೋಟೆಯಲ್ಲಿ ಇರಬೇಕಾಗಿತ್ತು.

"ಮಾನ್ಯಾ, ಒಳಗಿನ ಬಾಗಿಲ ಹಾಕು. ಚಿಲಕ ಹಾಕು. ಈಗೇ."

ಮೇಜಿನ ಆಚೆ ಸುಧಾಕರ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದ.

ಫೋನಿನಲ್ಲಿ ಓಡುವ ಹೆಜ್ಜೆಯ ಸದ್ದು ಬಂತು. ಅದರ ಹಿಂದೆಯೇ, ನಾಶಿಕದ ಆ ಮೂರನೇ ಮಹಡಿಯಲ್ಲಿ, ಕಬ್ಬಿಣದ ಜಾಳಿ ಬಾಗಿಲು ಕಿರುಗುಟ್ಟುತ್ತ ತೆರೆಯಿತು.